ಮನೆಯೊಳಗಿನ ದುಡಿಮೆ: ಮಗ್ಗದಿಂದ ಲ್ಯಾಪ್‌ಟಾಪಿನವರೆಗೆ

ಈ ಸಲದ ಪುಸ್ತಕಕ್ಕೆ ಇತಿಹಾಸದ ಲೇಖನ ಒಂದು ನಿಮ್ಮಿಂದ ಬರಬೇಕು ಅಂತ ವಾಚನಾಲಯದವರು ಹೇಳಿದಾಗ ನಾನು ಸಾಮಾನಗಡದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಅದು ನಮ್ಮ ಗಡಹಿಂಗ್ಲಜ ತಾಲೂಕಿನದೇ ಕೋಟೆ, 1844ರಲ್ಲಿ ಗಡಕರಿಗಳು ಬಂಡೆದ್ದ ಜಾಗ. ಎರಡು ಪುಟ ಬರೆದೂ ಆಗಿತ್ತು. ಆದರೆ ಬರೆಯಲು ಕೂತಾಗೆಲ್ಲ ಮಾಳಿಗೆ ಮೇಲಿಂದ ಸೊಸೆಯ ದನಿ ಕೆಳಗೆ ಬರುತ್ತಿತ್ತು. ಆಕೆ ಪುಣೆಯ ಕಂಪನಿಯೊಂದರ ಕೆಲಸವನ್ನು ನಮ್ಮ ಮನೆಯ ಮಾಳಿಗೆಯಲ್ಲಿ ಕೂತು ಮಾಡುತ್ತಾಳೆ. ಅಡಿಗೆಮನೆಯಿಂದ ನಮ್ಮ ಮನಿಯಾಕಿಯ ದನಿ, ಅಂಗಳದಿಂದ ಮೊಮ್ಮಗನ ದನಿ. ಕೋಟೆಯ ಇತಿಹಾಸ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಈ ದನಿಗಳ ಇತಿಹಾಸ ಬರೆಯುವವರು ಯಾರು ಅನಿಸಿತು. ಮೂವತ್ತಾರು ವರ್ಷ ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿ ದಿವಾಣಜಿಯಾಗಿ ಲೆಕ್ಕ ಬರೆದವ ನಾನು. ಆದ್ದರಿಂದ ಇದು ಒಂದು ರೀತಿಯಲ್ಲಿ ಲೆಕ್ಕದ ಲೇಖನವೇ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಯಿತಲ್ಲ, ಅದರ ನಾಲ್ಕು ದಿನ ಮೊದಲು ಮಗ ಸೊಸೆ ಹತ್ತು ತಿಂಗಳ ಕೂಸನ್ನು ಕಟ್ಟಿಕೊಂಡು ಪುಣೆಯಿಂದ ಊರಿಗೆ ಬಂದರು. ಮಗ ಚಾಕಣ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಮೋಟಾರಿನ ಬಿಡಿಭಾಗ ಮಾಡುವವ. ಕಬ್ಬಿಣ ಕೊರೆಯುವ ಮಶಿನ್ನು ಮನೆಗೆ ತರಲು ಬರುವುದಿಲ್ಲ, ಹೀಗಾಗಿ ಫ್ಯಾಕ್ಟರಿ ತೆರೆದ ಕೂಡಲೇ ಅವ ವಾಪಸು ಹೋದ. ಸೊಸೆಯ ಕೆಲಸ ಕಂಪ್ಯೂಟರಿನದು. ಆಕೆ ಇಲ್ಲೇ ಉಳಿದಳು. ಮಾಳಿಗೆಯಲ್ಲಿ ಜೋಳದ ಚೀಲ ಇಡುತ್ತಿದ್ದ ಕೋಣೆ ತೆರವು ಮಾಡಿ, ಸೋದರಳಿಯ ಶಾಲೆಗೆ ಹೋಗುವಾಗ ಬಳಸುತ್ತಿದ್ದ ಮೇಜು ಇಟ್ಟುಕೊಟ್ಟೆವು.

ಮೊದಲ ತಿಂಗಳು ಆಕೆಗೆ ಎಲ್ಲರಿಗಿಂತ ಹೆಚ್ಚು ತ್ರಾಸು ಕೊಟ್ಟವ ನಾನು. ಇದನ್ನು ಬರೆಯಲು ನಾಚಿಕೆ ಬರುತ್ತದೆ, ಆದರೂ ಬರೆಯುತ್ತೇನೆ. ಯಾರಾದರೂ ಬಂದರೆ ಕೆಳಗಿನಿಂದ ಕೂಗುತ್ತಿದ್ದೆ, "ಚಹಾ ಇಡವ್ವಾ" ಅಂತ. ಗ್ಯಾಸಿನವ ಬಂದರೆ ಕೂಗು, ಮೊಬೈಲಿನಲ್ಲಿ ಏನೋ ತೆರೆಯದಿದ್ದರೆ ಕೂಗು. ಆಕೆ ಕಿವಿಗೆ ಹಾಕಿಕೊಂಡದ್ದನ್ನು ತೆಗೆದು ಓಡಿ ಬರುತ್ತಿದ್ದಳು. ಒಂದು ದಿನ ಬಂದು, "ಮಾಮಾ, ಈಗ ನಾ ಕೆಲಸದಾಗ ಅದೀನ್ರಿ" ಅಂದಳು. ಮೆತ್ತಗೇ ಅಂದಳು. "ಮನ್ಯಾಗs ಅದೀಯಲ್ಲವ್ವಾ" ಅಂದೆ ನಾನು.

ಈ ಮಾತು ಆಡಿದವ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವ ಅನ್ನುವುದೇ ಸೋಜಿಗ. ಮನೆಯೊಳಗೆ ಇರುವುದು ಬೇರೆ, ಮನೆಯೊಳಗೆ ಕೆಲಸದಲ್ಲಿ ಇರುವುದು ಬೇರೆ ಅನ್ನುವುದು ನನಗೆ ಗೊತ್ತಿರಬೇಕಿತ್ತು. ಒಂದು ವ್ಯತ್ಯಾಸ ಅಂದರೆ ಮಗ್ಗ ಸದ್ದು ಮಾಡುತ್ತದೆ. ಸದ್ದು ನಡೆದಿದ್ದರೆ ಅಪ್ಪ ಕೆಲಸದಲ್ಲಿದ್ದಾನೆ, ನಿಂತರೆ ನೂಲು ಹರಿದಿದೆ ಅಥವಾ ಕರೆಂಟು ಹೋಗಿದೆ, ಈಗ ಮಾತಾಡಿಸಬಹುದು. ಲ್ಯಾಪ್‌ಟಾಪಿಗೆ ಸದ್ದಿಲ್ಲ. ಸದ್ದಿಲ್ಲದ ಕೆಲಸವನ್ನು ಕೆಲಸ ಅಂತ ಒಪ್ಪಲು ನಮ್ಮ ತಲೆಮಾರಿಗೆ ಕಷ್ಟ.

ಈಗಿನವರು ವರ್ಕ್ ಫ್ರಮ್ ಹೋಮ್ ಅನ್ನುವುದನ್ನು ಹೊಸದು ಅಂತ ತಿಳಿದಿದ್ದಾರೆ. ನಿಜವಾಗಿ ನೋಡಿದರೆ ಕೆಲಸಕ್ಕೆ ಅಂತ ಮನೆ ಬಿಟ್ಟು ಬೇರೆ ಕಟ್ಟಡಕ್ಕೆ ಹೋಗುವುದೇ ಹೊಸದು. ಕುಂಬಾರ, ಕಮ್ಮಾರ, ನೇಕಾರ, ಸಮಗಾರ ಎಲ್ಲರ ಮನೆಯೂ ಕಾರಖಾನೆಯೂ ಒಂದೇ ಆಗಿತ್ತು. ನಮ್ಮ ಶರಣರಲ್ಲಿ ಜೇಡರ ದಾಸಿಮಯ್ಯನ ಹೆಸರಿನಲ್ಲೇ ಮಗ್ಗ ಇದೆ, ಜೇಡರು ಅಂದರೆ ನೇಯುವವರು. ಆತನ ಹೆಂಡತಿ ದುಗ್ಗಳೆಯ ಹೆಸರೂ ಆತನ ಜೊತೆಗೇ ಬರುತ್ತದೆ. ಬರಲೇಬೇಕು, ಯಾಕೆಂದರೆ ಒಬ್ಬರಿಂದ ಮಗ್ಗ ನಡೆಯುವುದಿಲ್ಲ.

ಗುಂಡಿಮಗ್ಗ ನೋಡದ ಹುಡುಗರಿಗಾಗಿ ಸ್ವಲ್ಪ ಹೇಳುತ್ತೇನೆ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಕಾರ ಕೂಡುತ್ತಾನೆ. ಕಾಲಿನಿಂದ ಹಲಗೆ ತುಳಿದರೆ ಹಾಸಿನ ಎಳೆಗಳು ಮೇಲೆ ಕೆಳಗೆ ಆಗಿ ಬಾಯಿ ತೆರೆಯುತ್ತವೆ, ಆ ಬಾಯಿಯಲ್ಲಿ ಲಾಳಿ ಓಡುತ್ತದೆ, ಲಾಳಿಯೊಳಗಿನ ಕಂಡಿಕೆಯಿಂದ ಹೊಕ್ಕು ಬಿಚ್ಚಿಕೊಳ್ಳುತ್ತದೆ. ನೋಡಲು ಇಷ್ಟೇ. ಆದರೆ ಈ ಮನುಷ್ಯ ಕೂಡುವುದಕ್ಕಿಂತ ಮೊದಲು ನೂಲು ತೋಯಿಸಿ, ಬಿಡಿಸಿ, ಹಾಸು ಮಾಡಿ, ಬೀದಿಯಲ್ಲಿ ಉದ್ದಕ್ಕೆ ಚಾಚಿ ಗಂಜಿ ಹಚ್ಚಿ ಒಣಗಿಸಬೇಕು. ಗಂಜಿ ಹಚ್ಚುವುದು ಬೆಳಗಿನ ತಂಪಿನಲ್ಲೇ ಆಗಬೇಕು, ಹೀಗಾಗಿ ಇಡೀ ಓಣಿ ನಸುಕಿನಲ್ಲಿ ಏಳುತ್ತಿತ್ತು. ಆತ ಕೂತ ಮೇಲೂ ಯಾರಾದರೂ ರಾಟಿ ತಿರುಗಿಸಿ ಕಂಡಿಕೆ ಸುತ್ತಿ ಕೊಡುತ್ತಲೇ ಇರಬೇಕು. ಆ ಯಾರಾದರೂ ಅಂದರೆ ಹೆಂಡತಿ, ತಾಯಿ, ಶಾಲೆ ಬಿಟ್ಟು ಬಂದ ಮಕ್ಕಳು. ಸೀರೆ ಮಾರಿದಾಗ ರೊಕ್ಕ ಬರುವುದು ಗಂಡಸಿನ ಕೈಗೆ, ನೇಯ್ದವನು ಅಂತ ಹೆಸರು ಬರುವುದೂ ಗಂಡಸಿಗೆ.

ಆದರೂ ಆ ಕಾಲದಲ್ಲಿ ಒಂದು ಅನುಕೂಲ ಇತ್ತು, ನಿಲ್ಲುವ ಹೊತ್ತು ಗೊತ್ತಿತ್ತು. ಕತ್ತಲಾದರೆ ಎಳೆ ಕಾಣುವುದಿಲ್ಲ. ಮಳೆಗಾಲದಲ್ಲಿ ಬೀದಿಯಲ್ಲಿ ಗಂಜಿ ಹಚ್ಚಲು ಆಗುವುದಿಲ್ಲ, ಗುಂಡಿಯಲ್ಲಿ ತಂಪು ಏರುತ್ತದೆ. ಅಮಾಸಿಗೆ ಮಗ್ಗಕ್ಕೆ ಸೂಟಿ. ಖಂಡೇನವಮಿಗೆ ಲಾಳಿ, ಅಚ್ಚು ಎಲ್ಲ ತೊಳೆದು ಪೂಜೆಗೆ ಇಟ್ಟರೆ ಅಂದು ಯಾರೂ ಮುಟ್ಟುವುದಿಲ್ಲ. ನಿಲ್ಲು ಅನ್ನುವವರು ಹೊರಗೆ ಇದ್ದರು, ಸೂರ್ಯ, ಮಳೆ, ದೇವರು.

ಈಗ ಇಚಲಕರಂಜಿಗೆ ಬರೋಣ. ಕೊಲ್ಲಾಪುರ ಸಂಸ್ಥಾನದ ಅಡಿಯಲ್ಲಿದ್ದ ಘೋರ್ಪಡೆ ಮನೆತನದ ಜಹಗೀರಿ ಅದು, ಪಂಚಗಂಗಾ ದಂಡೆಯ ಊರು. ಬಾಳಕೃಷ್ಣಬುವಾ ಇಚಲಕರಂಜೀಕರ ಎಂಬ ದೊಡ್ಡ ಹಾಡುಗಾರರು ನೆಲೆಸಿದ್ದು ಆ ಊರಿನಲ್ಲೇ, ವಿಷ್ಣು ದಿಗಂಬರ ಪಲುಸ್ಕರರ ಗುರುಗಳು ಅವರು. ಅಂಥ ಗಾಯನದ ಊರು ಮುಂದೆ ಖಟಪಟ ಸದ್ದಿನಿಂದ ಹೆಸರಾಯಿತು ಅನ್ನುವುದು ನೆನೆದರೆ ನಗು ಬರುತ್ತದೆ. ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಜಹಗೀರದಾರರಾಗಿದ್ದಾಗ, 1904ರಲ್ಲಿ, ವಿಠ್ಠಲರಾವ್ ದಾತಾರ ಅನ್ನುವವರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಅದರ ಎರಡು ವರ್ಷದ ಮೇಲೆ, 1906ರಲ್ಲಿ, ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಗಿರಣಿ ಶುರುವಾಯಿತು. ಎರಡರ ದಾರಿ ಬೇರೆ ಬೇರೆ. ಕೊಲ್ಲಾಪುರದಲ್ಲಿ ಭೋಂಗಾ, ದೊಡ್ಡ ಗೇಟು, ಒಳಗೆ ಹೋದರೆ ಕೆಲಸ, ಹೊರಗೆ ಬಂದರೆ ಮನೆ. ಇಚಲಕರಂಜಿಯಲ್ಲಿ ಮಾತ್ರ ಯಂತ್ರವೇ ಮನೆಯೊಳಗೆ ಬಂತು.

ಯಂತ್ರಮಗ್ಗ ಅಂದರೆ ಇಂಗ್ಲೆಂಡಿನಲ್ಲಿ ಜನರನ್ನು ಮನೆಯಿಂದ ಹೊರಗೆ ಎಳೆದ ಮಶಿನ್ನು ಅದು. ಅಲ್ಲಿ 1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ, ಅಲ್ಲಿಯವರೆಗೆ ನಮ್ಮ ಹಾಗೇ ಅವರೂ ಮನೆಯಲ್ಲಿ ನೇಯುತ್ತಿದ್ದರು. ವ್ಯಾಪಾರಿ ನೂಲು ಕೊಟ್ಟು ಹೋಗುವುದು, ಬಟ್ಟೆ ಒಯ್ದು ಕೂಲಿ ಕೊಡುವುದು. 1785ರಲ್ಲಿ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟು ತೆಗೆದುಕೊಂಡ ಮೇಲೆ ಮುಂದಿನ ಐವತ್ತು ಅರವತ್ತು ವರ್ಷದಲ್ಲಿ ಆ ಮನೆಗಳ ಮಗ್ಗ ಒಂದೊಂದಾಗಿ ನಿಂತು ಹೋದವು. ಆವಿಯ ಇಂಜಿನ್ನು ಮನೆಮನೆಗೆ ಇಡಲು ಬರುವುದಿಲ್ಲ, ಇಂಜಿನ್ನು ಇದ್ದಲ್ಲಿಗೇ ಮನುಷ್ಯ ಹೋಗಬೇಕು. ನಮ್ಮಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಯಂತ್ರಮಗ್ಗ ನಮ್ಮ ಕಡೆ ಹಬ್ಬುವ ಹೊತ್ತಿಗೆ ವಿದ್ಯುತ್ತು ಬಂದಿತ್ತು. ತಂತಿ ಮನೆಗೇ ಬರುತ್ತದೆ, ಸಣ್ಣ ಮೋಟಾರು ಒಂದು ಮಗ್ಗಕ್ಕೆ ಸಾಕು. ಯೋಚನೆ ಮಾಡಿ ನೋಡ್ರಿ, ಸೊಸೆಯ ಕೆಲಸ ನಮ್ಮ ಮಾಳಿಗೆಗೆ ಬಂದದ್ದೂ ತಂತಿಯ ಮೇಲೆಯೇ.

ಕಾಯ್ದೆಯೂ ಒಂದು ಕಾರಣ. 1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ ಕರೆಂಟು ಬಳಸುವ ಜಾಗದಲ್ಲಿ ಹತ್ತು ಮಂದಿ ಕೆಲಸಗಾರರಿದ್ದರೆ ಅದು ಫ್ಯಾಕ್ಟರಿ ಆಗುತ್ತಿತ್ತು. ಫ್ಯಾಕ್ಟರಿ ಅಂದ ಮೇಲೆ ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ನಲವತ್ತೆಂಟು ತಾಸಿನ ಮಿತಿ, ವಾರದ ರಜೆ, ಹಾಜರಿ ಪುಸ್ತಕ ಎಲ್ಲ ಬರುತ್ತಿತ್ತು. ಅದಕ್ಕೇ ಹತ್ತು ಆಗದ ಹಾಗೆ ಮಗ್ಗಗಳನ್ನು ತುಂಡು ತುಂಡು ಮಾಡಿ, ಒಂದು ತಮ್ಮನ ಹೆಸರಿಗೆ, ಒಂದು ಹೆಂಡತಿ ಹೆಸರಿಗೆ ಬರೆಸುವುದು ಯಂತ್ರಮಗ್ಗದ ಊರುಗಳಲ್ಲಿ ರೂಢಿಯಾಯಿತು. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಸಂಪು ಹೂಡಿದಾಗ ಅಲ್ಲಿಯ ಕೆಲಸ ಭಿವಂಡಿ, ಮಾಲೆಗಾಂವ, ಇಚಲಕರಂಜಿಗಳ ಕಡೆ ಹರಿದು ಬಂತು. ಗಿರಣಿ ಕಾಮಗಾರ ಹೋರಾಡಿ ಪಡೆದ ಎಂಟು ತಾಸಿನ ಪಾಳಿ ಮಾತ್ರ ಜೊತೆಗೆ ಬರಲಿಲ್ಲ. ನಮ್ಮಲ್ಲಿ ಹನ್ನೆರಡು ತಾಸಿನ ಎರಡು ಪಾಳಿ ನಡೆದವು, ಈಗಲೂ ಬಹಳ ಕಡೆ ಅದೇ ಇದೆ.

ನಮ್ಮ ಅಪ್ಪ 1962ರಲ್ಲಿ ಈ ಊರು ಬಿಟ್ಟು ಇಚಲಕರಂಜಿಗೆ ಹೋದ. ಆಗ ನನಗೆ ಏಳು ವರ್ಷ. ಹಲಕರ್ಣಿ, ಬಸರ್ಗೆ, ನೂಲ ಈ ಕಡೆಯ ನಮ್ಮಂಥ ಮನಿಯೊಳಗ ಕನ್ನಡ, ಪೇಟ್ಯಾಗ ಮರಾಠಿ ಮಾತಾಡುವ ಮಂದಿಗೆ ಇಚಲಕರಂಜಿ ಪರದೇಶ ಅನಿಸುತ್ತಿರಲಿಲ್ಲ. ಮೊದಲು ಬೇರೆಯವರ ಮಗ್ಗ ನಡೆಸಿದ, ಆಮೇಲೆ ಗಿರಣಿಯಿಂದ ಹೊರಹಾಕಿದ ಹಳೆಯ ಮಗ್ಗ ಎರಡನ್ನು ಕೊಂಡು ಬಾಡಿಗೆ ಮನೆಯ ಪಡಸಾಲೆಯಲ್ಲಿ ಹಾಕಿದ. ನೂಲು ವ್ಯಾಪಾರಿಯದು, ಬಟ್ಟೆ ವ್ಯಾಪಾರಿಯದು, ನಮ್ಮದು ಮಗ್ಗ, ಕೂಲಿ ಮತ್ತು ಕರೆಂಟಿನ ಬಿಲ್ಲು. ಇಂಥವರಿಗೆ ಅಲ್ಲಿ ಖರ್ಚೀವಾಲೆ ಅನ್ನುತ್ತಾರೆ. ಹೆಸರು ಸರಿಯಾಗಿದೆ, ಖರ್ಚು ನಮ್ಮದೇ.

ಮುಂದೆ ಮಗ್ಗ, ಹಿಂದೆ ಒಲೆ, ನಡುವೆ ಗೋಣಿತಾಟಿನ ಪರದೆ. ಅನ್ನದಲ್ಲಿ ಹತ್ತಿಯ ಹೊಯಿಲು. ಎರಡು ಮಗ್ಗ ಓಡುತ್ತಿದ್ದರೆ ಮನೆಯೊಳಗೆ ಮಾತು ಕೇಳುವುದಿಲ್ಲ, ನಾವು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ಅವ್ವ ಕೈಸನ್ನೆಯಲ್ಲೇ ಬೈಯುತ್ತಿದ್ದಳು. ತಂಗಿ ತೊಟ್ಟಿಲಲ್ಲಿದ್ದಾಗ ಒಂದು ವಿಚಿತ್ರ ನೋಡಿದ್ದೆ. ಮಗ್ಗ ನಡೆದಿರುವವರೆಗೆ ಸುಖವಾಗಿ ನಿದ್ದೆ, ಕರೆಂಟು ಹೋಗಿ ಸದ್ದು ನಿಂತ ಕೂಡಲೇ ಚಿಟ್ಟನೆ ಚೀರಿ ಏಳುತ್ತಿತ್ತು. ಅಪ್ಪನ ಕಿವಿ ಐವತ್ತರೊಳಗೇ ಮಂದವಾದವು.

ಕಂಡಿಕೆಗೆ ಅಲ್ಲಿ ಕಾಂಡಿ ಅನ್ನುತ್ತಾರೆ. ಯಂತ್ರಮಗ್ಗದ ಲಾಳಿ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ ಆ ಕಡೆ ಈ ಕಡೆ ಹಾಯುತ್ತದೆ, ಒಂದು ಕಾಂಡಿ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಹೊಸದು ಕೈಯಲ್ಲಿ ಸಿದ್ಧ ಇರಬೇಕು. ಅವ್ವ ರೊಟ್ಟಿ ಬಡಿಯುವಾಗಲೂ ಒಂದು ಕಣ್ಣು ಕಾಂಡಿಯ ಬುಟ್ಟಿಯ ಮೇಲೆ ಇಟ್ಟಿರುತ್ತಿದ್ದಳು. ಬುಟ್ಟಿ ಖಾಲಿಯಾಗುತ್ತ ಬಂದರೆ ಹಂಚಿನ ಮೇಲಿನ ರೊಟ್ಟಿ ನನಗೆ ಒಪ್ಪಿಸಿ ಹೋಗಿ ಕೂಡುತ್ತಿದ್ದಳು. ಎಷ್ಟೋ ರೊಟ್ಟಿ ನಾನು ಸುಟ್ಟಿದ್ದೇನೆ. ಈಗ ಸೊಸೆ ಮೀಟಿಂಗಿನ ನಡುವೆ ಹಾಲಿನ ಮೇಲೆ ಕಣ್ಣಿಡಲು ನನಗೆ ಹೇಳಿ ಓಡಿದಾಗ ನನಗೆ ಆ ಬುಟ್ಟಿಯೇ ನೆನಪಾಗುತ್ತದೆ. ಹಾಲೂ ಉಕ್ಕಿಸಿದ್ದೇನೆ.

1978ರಲ್ಲಿ ನಾನು ಒಂದು ದೊಡ್ಡ ಶೆಡ್ಡಿನಲ್ಲಿ ದಿವಾಣಜಿಯಾದೆ. ನನ್ನ ವಹಿಯಲ್ಲಿ ಕಾಲಮ್ಮುಗಳು ಇವು: ಕಾಮಗಾರನ ಹೆಸರು, ಮಗ್ಗದ ನಂಬರು, ಮೀಟರು, ಪಿಕ್ಕು, ದರ, ಉಚಲು, ಬಾಕಿ. ಪಿಕ್ಕು ಅಂದರೆ ಒಂದು ಇಂಚು ಬಟ್ಟೆಯಲ್ಲಿ ಹೊಕ್ಕಿನ ಎಳೆ ಎಷ್ಟು ಅನ್ನುವುದು. ಇಚಲಕರಂಜಿಯಲ್ಲಿ 52 ಪಿಕ್ಕಿಗೆ ಮೀಟರಿಗೆ ಇಷ್ಟು ಪೈಸೆ ಅಂತ ಮಜೂರಿ ಮಾತಾಡುತ್ತಾರೆ. ಸಂಪುಗಳು ಆಗುವುದೂ ಆ ಪೈಸೆಗಾಗಿಯೇ. ಶೆಡ್ಡಿನಲ್ಲಿ ಕಾಂಡಿ ಸುತ್ತಲು ಬರುವ ಹೆಂಗಸರಿಗೆ ಬೇರೆ ಪುಟ ಇತ್ತು, ಅವರಿಗೂ ವಾರಕ್ಕೊಮ್ಮೆ ಪಗಾರ. ಅಂದರೆ ಕಾಂಡಿ ಸುತ್ತುವುದಕ್ಕೆ ಬೆಲೆ ಇದೆ ಅಂತ ನನಗೆ ಲೆಕ್ಕದಿಂದಲೇ ಗೊತ್ತಿತ್ತು. ಆದರೆ ಪಾಳಿ ಮುಗಿಸಿ ನಮ್ಮ ಮನೆಗೆ ಬಂದರೆ ಅದೇ ಕೆಲಸ ಅವ್ವ ಮಾಡುತ್ತಿದ್ದಳು, ಅದಕ್ಕೆ ಯಾವ ವಹಿಯಲ್ಲೂ ಪುಟ ಇರಲಿಲ್ಲ. ವ್ಯಾಪಾರಿ ಅಪ್ಪನಿಗೆ ಮೀಟರಿನ ಮೇಲೆ ಕೊಡುತ್ತಿದ್ದ. ಆ ಮೀಟರಿನೊಳಗೆ ಅವ್ವನ ಎಷ್ಟು ತಾಸು ಇವೆ ಅಂತ ನಾನೂ ಎಂದೂ ಬರೆದಿಡಲಿಲ್ಲ. ಅವ್ವ 1996ರಲ್ಲಿ ಹೋದಳು. ಜನಗಣತಿಯವರು ಬಂದಾಗಲೆಲ್ಲ ಆಕೆಯ ಹೆಸರಿನ ಮುಂದೆ "ಮನೆಗೆಲಸ" ಅಂತಲೇ ಬರೆಸಿದವ ನಾನೇ.

ಮಗ್ಗ ಒಂದೇ ಅಲ್ಲ. ನಮ್ಮ ಸುತ್ತಮುತ್ತ ಮನೆಯೊಳಗಿನ ದುಡಿಮೆ ಕಾಣದ ಊರಿಲ್ಲ. ಹುಪರಿಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುತ್ತಾರೆ, ಸಣ್ಣ ಕೊಂಡಿ ಜೋಡಿಸುವುದು ಓಣಿ ಓಣಿಯ ಮನೆಗಳಲ್ಲಿ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಗುರುತು ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಸೇರಿಸಿ. ಗಡಿಯ ಬಗ್ಗೆ ಜಗಳಾಡುವ ಎರಡೂ ಸರಕಾರಗಳು ಚಪ್ಪಲಿಯ ಮಟ್ಟಿಗೆ ಒಂದಾದವು ನೋಡ್ರಿ. ಅಥಣಿ ಕಡೆಯ ಮನೆಗಳಲ್ಲಿ ಚರ್ಮ ಕೊಯ್ಯುವವ ಗಂಡ, ಜಡೆ ಹೆಣೆದು ಹೊಲಿಯುವವಳು ಹೆಂಡತಿ. ನಿಪ್ಪಾಣಿಯಲ್ಲಿ, ಸೊಲ್ಲಾಪುರದಲ್ಲಿ, ದೂರದ ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಬೀಡಿ. ಇವುಗಳಲ್ಲಿ ಬೀಡಿಯವರದು ಸ್ವಲ್ಪ ಬೇರೆ ಕಥೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿ, ಎಲೆ ತಂಬಾಕು ಒಯ್ದು ತನ್ನ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸೂ ಕಾರ್ಮಿಕಳೇ ಅಂತ ಬರೆದಿದ್ದರು. ಮನೆಯಲ್ಲಿ ಕೂತರೂ ಕೆಲಸ ಕೆಲಸವೇ ಅಂತ ನಮ್ಮ ದೇಶದ ಕಾಯ್ದೆ ಅಷ್ಟು ಹಿಂದೆಯೇ ಒಪ್ಪಿತ್ತು. ಮನೆಯಲ್ಲೇ ಕೂತು ದುಡಿಯುವವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 177ನೇ ಒಪ್ಪಂದ ಮಾಡಿದ್ದು ಅದರ ಮೂವತ್ತು ವರ್ಷದ ಮೇಲೆ, 1996ರಲ್ಲಿ. ಅದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ.

ಕಂಪ್ಯೂಟರಿನ ಕೆಲಸವನ್ನು ಮನೆಗೆ ಕಳಿಸುವ ವಿಚಾರವೂ ಕೊರೊನಾದ್ದಲ್ಲ. ಅಮೆರಿಕದ ಜ್ಯಾಕ್ ನಿಲ್ಸ್ ಅನ್ನುವ ಇಂಜಿನಿಯರು 1973ರಲ್ಲೇ ಅದಕ್ಕೆ ಹೆಸರು ಇಟ್ಟಿದ್ದ. ದಿನಾ ಸಾವಿರಾರು ಮೋಟಾರು ಊರಿಗೆ ನುಗ್ಗುವುದಕ್ಕಿಂತ ಕೆಲಸವನ್ನೇ ತಂತಿಯ ಮೇಲೆ ಜನರ ಹತ್ತಿರ ಕಳಿಸಿದರೆ ಹೇಗೆ ಅನ್ನುವುದು ಅವನ ವಿಚಾರ. ನಮ್ಮಲ್ಲಿ 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ ತಿದ್ದುವಾಗ, ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ನೋಡಿ, ಇಬ್ಬರೂ ಒಪ್ಪಿದರೆ, ತಾಯಿ ಮನೆಯಿಂದ ಕೆಲಸ ಮಾಡಬಹುದು ಅಂತ ಒಂದು ಸಾಲು ಸೇರಿಸಿದರು. ಹೊರಗಿನ ಕಂಪನಿಗಳ ಕೆಲಸ ಮಾಡಿಕೊಡುವವರಿಗೆ ಟೆಲಿಕಾಂ ಇಲಾಖೆಯ ಕಟ್ಟುಪಾಡು ಬಹಳ ಇದ್ದವು, 2020ರ ನವೆಂಬರಿನಲ್ಲಿ ಅವನ್ನು ಸಡಿಲಿಸಿದರು. ಹೀಗೆ ಬಾಗಿಲು ತೆರೆದದ್ದು ಸಾಲು ಸಾಲಾಗಿ, ಕೊರೊನಾ ಅದನ್ನು ಒದ್ದು ತೆರೆಯಿತು. ಅದೇ ಹೊತ್ತಿಗೆ ಇಚಲಕರಂಜಿಯ ಮಗ್ಗಗಳು ನಿಂತಿದ್ದವು. ಉತ್ತರ ಪ್ರದೇಶ, ಬಿಹಾರ, ಒಡಿಶಾದಿಂದ ಬಂದ ಕಾಮಗಾರರು ಊರಿನ ದಾರಿ ಹಿಡಿದಿದ್ದರು. ಮನೆಯೇ ಕಾರಖಾನೆಯಾದವನಿಗೆ ಮನೆಯಲ್ಲಿರು ಅಂದರೆ ಏನರ್ಥ? ನೂಲು ಬರದಿದ್ದರೆ ಮನೆಯಲ್ಲಿ ಕೂತರೂ ಅಷ್ಟೇ, ಬೀದಿಯಲ್ಲಿ ನಿಂತರೂ ಅಷ್ಟೇ.

ನಮ್ಮ ಮಾಳಿಗೆಗೆ ಬರೋಣ. ಗಡಿಯ ಊರಿನಲ್ಲಿ ಮೊಬೈಲಿಗೆ ಯಾವ ರಾಜ್ಯ ಅನ್ನುವುದೇ ಗೊತ್ತಾಗುವುದಿಲ್ಲ. ಕಿಟಕಿಯ ಹತ್ತಿರ ಒಂದು ರಾಜ್ಯದ ಟಾವರು, ಬಾಗಿಲ ಹತ್ತಿರ ಇನ್ನೊಂದರದು. ಆಕೆ ಮೇಜನ್ನು ಕೋಣೆಯಲ್ಲಿ ಎಂಟು ಕಡೆ ಎಳೆದಾಡಿ ಕಡೆಗೆ ಪಶ್ಚಿಮದ ಮೂಲೆ ಹಿಡಿದಳು. ಆಮೇಲೆ ಕೇಬಲ್ಲಿನವನಿಂದ ಬೇರೆ ಲೈನು ಹಾಕಿಸಿದೆವು. 2021ರ ಜುಲೈದಲ್ಲಿ ಮಳೆ ಹೊಡೆದು ಹಿರಣ್ಯಕೇಶಿ ತುಂಬಿತು, ಅತ್ತ ಪಂಚಗಂಗೆಯ ನೀರಿಗೆ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದಾಯಿತು. ನಮ್ಮಲ್ಲಿ ಮೂರು ದಿನ ಕರೆಂಟಿಲ್ಲ. ಪುಣೆಯಿಂದ ಸಾಹೇಬರೊಬ್ಬರು ಫೋನು ಮಾಡಿ, "ನೀವು ಯಾಕೆ ಆನ್‌ಲೈನ್ ಇಲ್ಲ" ಅಂತ ಕೇಳಿದರಂತೆ. ಆಕೆ ಹೊಳೆಯ ಫೋಟೋ ಕಳಿಸಿದಳು. ಆ ಮೂರು ದಿನದ ಕೆಲಸವನ್ನು ಮುಂದಿನ ಎರಡು ಆದಿತ್ಯವಾರ ಕೂತು ಮುಗಿಸಿದಳು. ಮಗ್ಗದವನಿಗೆ ಕರೆಂಟು ಹೋದರೆ ಮಜೂರಿ ಹೋಗುತ್ತದೆ, ನಿದ್ದೆಯಾದರೂ ಸಿಗುತ್ತದೆ. ಇವರಿಗೆ ಪಗಾರ ಹೋಗುವುದಿಲ್ಲ, ನಿದ್ದೆ ಹೋಗುತ್ತದೆ. ಯಾವುದು ಒಳ್ಳೆಯದು ಅಂತ ನಾನು ತೀರ್ಪು ಕೊಡಲಾರೆ.

ಓಣಿಯ ಮಂದಿಯ ಮಾತು ಬೇರೆ. "ಮನ್ಯಾಗ ಕುಂತ ಪಗಾರ ಎಣಸ್ತಾಳ" ಅಂತ. ಅದೇ ಹೆಂಗಸರ ಮನೆಯಲ್ಲಿ ಎಮ್ಮೆ ಇವೆ, ಹಾಲು ಡೇರಿಗೆ ಹೋಗುತ್ತದೆ, ಬಿಲ್ಲು ಗಂಡನ ಖಾತೆಗೆ ಜಮಾ ಆಗುತ್ತದೆ. ಅವರೂ ಮನ್ಯಾಗ ಕುಂತವರೇ, ಅವರಿಗೆ ಎಣಿಸಲು ಪಗಾರ ಮಾತ್ರ ಇಲ್ಲ.

ಸೊಸೆಯನ್ನು ಕೂಗುವುದನ್ನು ನಾನು ಬಿಟ್ಟದ್ದು ಒಂದು ಕೆಂಪು ಅರಿವೆಯಿಂದ. ಆಕೆಯೇ ಉಪಾಯ ಮಾಡಿದಳು. ಮೆಟ್ಟಿಲ ಕಂಬಕ್ಕೆ ಅರಿವೆ ಕಟ್ಟಿದ್ದರೆ ಕೂಗಬಾರದು, ತೆಗೆದಿದ್ದರೆ ಕೂಗಬಹುದು. ಸದ್ದಿನ ಬದಲು ಬಣ್ಣ. ಕೂಸೂ ಮಾತು ಕಲಿಯುವ ಮೊದಲು ಆ ಅರಿವೆ ಕಲಿಯಿತು, ಅದನ್ನು ನೋಡಿ ಮೆಟ್ಟಿಲ ಕೆಳಗೆ ಕೂತುಬಿಡುತ್ತಿತ್ತು. ಖಂಡೇನವಮಿಗೆ ಆಕೆ ಲ್ಯಾಪ್‌ಟಾಪನ್ನೂ ಪೂಜೆಗೆ ಇಟ್ಟಳು, ಪಕ್ಕದಲ್ಲಿ ನಮ್ಮ ಅಪ್ಪನ ಒಂದು ಹಳೆಯ ಲಾಳಿ. ಅಂದು ರಾತ್ರಿ ಎಂಟಕ್ಕೆ ಕಂಪನಿಯಿಂದ ಏನೋ ತುರ್ತು ಬಂತು. ಪೂಜೆಯ ಅಕ್ಕಿಕಾಳು ಒರೆಸಿ ಅದನ್ನು ಮೇಲೆ ಒಯ್ದಳು. ಲಾಳಿ ಮಾತ್ರ ಮರುದಿನದವರೆಗೆ ಅಲ್ಲೇ ಇತ್ತು.

ಹೀಗೆ ನಾಲ್ಕು ವರ್ಷ ಹೋದವು. ಹೋದ ವರ್ಷ ಕಂಪನಿಯವರು ಇನ್ನು ವಾರಕ್ಕೆ ಮೂರು ದಿನ ಪುಣೆಯ ಆಫೀಸಿಗೆ ಬರಬೇಕು ಅಂದರು. ಹುಡುಗ ಇಲ್ಲಿಯ ಶಾಲೆಗೆ ಹಚ್ಚಿದವ. ಮಗ ಪುಣೆಯಲ್ಲಿ ಒಂದು ಕೋಣೆಯಲ್ಲಿ ಇದ್ದಾನೆ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುವವ. ರಾತ್ರಿ ಊಟಕ್ಕೆ ಕೂತಾಗ ಇದೇ ಚರ್ಚೆ. ನಾನು ಹಿರಿಯ ಅನ್ನುವ ಗತ್ತಿನಲ್ಲಿ ಹೇಳಿದೆ, "ಕೆಲಸಾ ಬಿಡಬ್ಯಾಡವ್ವಾ. ಹೋಗಿ ಬಾ. ಹುಡುಗನ್ನ ನಾವು ನೋಡ್ಕೋತೀವಿ." ನಮ್ಮ ಮನಿಯಾಕಿ ಏನೂ ಅನ್ನಲಿಲ್ಲ, ತಾಟು ಎತ್ತಿಕೊಂಡು ಒಳಗೆ ಹೋದಳು. ನಡೆಯುವಾಗ ಗೋಡೆ ಹಿಡಿದಳು, ಎರಡು ವರ್ಷದಿಂದ ಆಕೆಗೆ ಮೊಣಕಾಲು ನೋವು.

ಸೊಸೆ ಆಕೆ ಹೋದ ಕಡೆಯೇ ನೋಡಿದಳು, ಆಮೇಲೆ ನನ್ನ ಕಡೆ ನೋಡಿ ಅಂದಳು, "ನಾವು ಅಂದ್ರ ಯಾರ್ರಿ ಮಾಮಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ಅವ್ವನ ಬುಟ್ಟಿ ಕಣ್ಣ ಮುಂದೆ ಬಂತು. ನಾಲ್ಕು ವರ್ಷ ಮಾಳಿಗೆ ಮೇಲಿನ ಕೆಲಸ ನಡೆಯಬೇಕಾದರೆ ಕೆಳಗೆ ಯಾರೋ ಕೂಸಿಗೆ ಉಣಿಸಿದ್ದಾರೆ, ತೊಳೆದಿದ್ದಾರೆ, ಸಾಲಿಗೆ ಕಳಿಸಿದ್ದಾರೆ, ಅಳುವಾಗ ಹೊರಗೆ ಎತ್ತಿಕೊಂಡು ಹೋಗಿದ್ದಾರೆ. ಮೀಟರು ಒಬ್ಬರ ಹೆಸರಿನಲ್ಲಿ, ಕಾಂಡಿ ಇನ್ನೊಬ್ಬರ ಕೈಯಲ್ಲಿ. ಮೊದಲು ನೇಯುವವ ಗಂಡಸಾಗಿದ್ದ, ಈಗ ನೇಯುವವಳು ಸೊಸೆ, ಆದರೆ ಕಾಂಡಿಯ ಜಾಗದಲ್ಲಿ ಮತ್ತೂ ಒಬ್ಬ ಹೆಂಗಸೇ ಕೂತಿದ್ದಾಳೆ. ಸೊಸೆಗೆ ಇದು ನನಗಿಂತ ಮೊದಲೇ ಕಂಡಿತ್ತು, ಅದಕ್ಕೇ ಆ ಪ್ರಶ್ನೆ.

ಮರುದಿನ ಗಡಹಿಂಗ್ಲಜ ಪೇಟೆಗೆ ಹೋಗಿ ಉದ್ದನೆಯ ಕೆಂಪು ರಟ್ಟಿನ ವಹಿ ಒಂದು ತಂದೆ, ನಾನು ಶೆಡ್ಡಿನಲ್ಲಿ ಬರೆಯುತ್ತಿದ್ದಂಥದೇ. ನಾಲ್ಕು ಕಾಲಮ್ಮು ಎಳೆದೆ. ಸೊಸೆ, ಮಗ, ಮನಿಯಾಕಿ, ನಾನು. ಒಂದು ವಾರ ಪೂರ್ತಿ, ಎದ್ದಾಗಿನಿಂದ ಮಲಗುವವರೆಗೆ ಯಾರು ಎಷ್ಟು ತಾಸು ಏನು ಮಾಡಿದರು ಅಂತ ಬರೆದೆ. ಮಗನನ್ನು ರಾತ್ರಿ ಫೋನಿನಲ್ಲಿ ಕೇಳಿ ಬರೆದೆ. ದಿವಾಣಜಿಯ ಚಟ ಹೋಗುವುದಿಲ್ಲ, ಕಾಲು ತಾಸನ್ನೂ ಬಿಡಲಿಲ್ಲ. ಶನಿವಾರ ರಾತ್ರಿ ಬೇರೀಜು ಹಾಕಿದೆ. ಸೊಸೆ ಕಂಪನಿಗೆ 49 ತಾಸು, ಮನೆಗೆ 24. ಮಗ ಫ್ಯಾಕ್ಟರಿಗೆ 54, ಅಡಿಗೆ ಅರಿವೆ ಅಂತ 7. ನಾನು ವಾಚನಾಲಯಕ್ಕೆ 12, ಹುಡುಗನನ್ನು ಶಾಲೆಗೆ ಬಿಟ್ಟು ತರುವುದು ಸೇರಿ ಮನೆಗೆ 6. ನಮ್ಮ ಮನಿಯಾಕಿ 78.

ಮಗ ಬಂದಿದ್ದ. ವಹಿಯನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಬೆಳಗಿನ ಪಾಳಿ ಕೇಳಿಕೊಂಡು, ಹುಡುಗನನ್ನು ಪುಣೆಯ ಶಾಲೆಗೆ ಹಾಕಿದರೆ ಮಧ್ಯಾಹ್ನದ ಮೇಲೆ ತಾನು ನೋಡಿಕೊಳ್ಳಬಹುದು ಅಂದ. ಸೊಸೆ ಮೂರು ದಿನದ ಬದಲು ಎರಡು ದಿನಕ್ಕೆ ಅರ್ಜಿ ಹಾಕಿದ್ದಾಳೆ, ಈ ಲೇಖನ ಬರೆಯುವವರೆಗೆ ಉತ್ತರ ಬಂದಿಲ್ಲ. ಬೆಳಗಿನ ಪಾತ್ರೆ ಮತ್ತು ಸಂಜೆಯ ಚಹಾ ನನ್ನ ಕಾಲಮ್ಮಿಗೆ ಬಂದಿವೆ. ಚಹಾಕ್ಕೆ ಇನ್ನೂ ಹೊಗಳಿಕೆ ಸಿಕ್ಕಿಲ್ಲ.

ಎಲ್ಲರೂ ನೋಡಿ ಮುಗಿದ ಮೇಲೆ ವಹಿಯನ್ನು ಮನಿಯಾಕಿಯ ಮುಂದೆ ಇಟ್ಟೆ. ಆಕೆಗೆ ಮರಾಠಿ ಓದಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ, ಅಂಕಿ ಮಾತ್ರ ಓದಿದಳು. ಒಂದೊಂದು ದಿನದ ಮೇಲೆ ಬೆರಳಿಟ್ಟು ಏನೇನು ಬರೆದೀರಿ ಅಂತ ಕೇಳಿದಳು. ನಾನು ಓದಿ ಹೇಳಿದೆ. ಬುಧವಾರದ ಮೇಲೆ ಬೆರಳು ನಿಂತಿತು.

"ಅವತ್ತ ರಾತ್ರಿ ಹುಡುಗಗ ಜ್ವರಾ ಬಂದಿತ್ತಲ್ರಿ," ಅಂದಳು. "ನೀವು ಮಲಗಿದ್ರಿ. ಅದನ್ನ ಬರದಿಲ್ಲ."

ಪೆನ್ನು ತೆಗೆದು ಕೇಳಿದೆ, ಎಷ್ಟು ತಾಸು ಅಂತ.